ಮಗು ಮಾತಾಡ್ತಿಲ್ಲ ಅಂದ್ರೆ ಮೊದಲು ಕಿವಿ ನೋಡಿ, ನಾಲಿಗೆ ಆಮೇಲೆ

ಎರಡೂವರೆ ವರ್ಷದ ಮಗು ಇನ್ನೂ ಮಾತಾಡುತ್ತಿಲ್ಲ ಅಂದರೆ ನಮ್ಮ ಕೊಪ್ಪಳ, ರಾಯಚೂರು ಕಡೆಯ ಮನೆಗಳಲ್ಲಿ ಬರುವ ಮೊದಲ ಸಮಾಧಾನ ಒಂದೇ: "ಅವರಪ್ಪನೂ ಹಿಂಗೇ ಇದ್ದ. ಐದು ವರ್ಷಕ್ಕೆ ಮಾತು ಬಂತು. ಈಗ ನೋಡು, ಸುಮ್ನಿರು ಅಂದ್ರೂ ಸುಮ್ನಿರಂಗಿಲ್ಲ." ಈ ಮಾತು ಪೂರ್ತಿ ಸುಳ್ಳಲ್ಲ. ತಡವಾಗಿ ಶುರು ಮಾಡಿ ಮೂರು-ನಾಲ್ಕು ವರ್ಷಕ್ಕೆ ಓರಗೆಯ ಮಕ್ಕಳ ಸಮಕ್ಕೆ ಬರುವ ಮಕ್ಕಳು ಎಷ್ಟೋ ಇದ್ದಾರೆ. ಆದರೆ ಯಾವ ಮಗು ತಾನಾಗಿ ಸರಿಹೋಗುತ್ತದೆ, ಯಾವುದಕ್ಕೆ ನೆರವು ಬೇಕು ಅನ್ನುವುದು ಮುಖ ನೋಡಿದರೆ ಗೊತ್ತಾಗುವುದಿಲ್ಲ. ಹಾಗೆ ಕಾಯುತ್ತಾ ಕೂತ ಎರಡೂವರೆ ವರ್ಷ ಮಾತ್ರ ಮತ್ತೆ ಸಿಗುವುದಿಲ್ಲ. ಮಿದುಳು ಭಾಷೆಯನ್ನು ಜಾಸ್ತಿ ಹೀರಿಕೊಳ್ಳುವುದು ಅದೇ ವಯಸ್ಸಿನಲ್ಲಿ. ಪರೀಕ್ಷೆ ಮಾಡಿಸಿ ಏನೂ ಇಲ್ಲ ಅಂತಾದರೆ ಕಳೆದುಕೊಳ್ಳುವುದು ಒಂದು ದಿನದ ಕೂಲಿ, ಬಸ್ ಚಾರ್ಜು. ಅಷ್ಟೇ ಅಲ್ವಾ?

ಹೋಗಲಿ, ಪರೀಕ್ಷೆಗೆ ಹೊರಟರೂ ಎಲ್ಲರ ಕಣ್ಣು ಮೊದಲು ಹೋಗುವುದು ನಾಲಿಗೆಯ ಮೇಲೆ. ನಾಲಿಗೆ ದಪ್ಪ ಇದೆ, ನಾಲಿಗೆ ಕೆಳಗಿನ ನರ ಬಿಗಿದಿದೆ, ಕತ್ತರಿಸಿದರೆ ಮಾತು ಬರುತ್ತದೆ ಅನ್ನುತ್ತಾರೆ. ಅಜ್ಜಿಯರು ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ನಾಲಿಗೆ ಕೆಳಗಿನ ಪೊರೆ ಬಿಗಿಯಾಗಿದ್ದರೆ ಕೂಸಿಗೆ ಹಾಲು ಕುಡಿಯಲು ತೊಂದರೆಯಾಗಬಹುದು, ಒಂದೆರಡು ಅಕ್ಷರ ಸರಿಯಾಗಿ ಹೊರಡದಿರಬಹುದು. ಆದರೆ ಮಗು ಒಂದು ಪದವನ್ನೂ ಆಡದಿರುವುದಕ್ಕೆ ಅದು ಕಾರಣ ಅಲ್ಲ. ಬಜೆಯಿಂದ ಮಾತು ಬರುತ್ತದೆ ಅನ್ನುವುದಕ್ಕೂ ಆಧಾರವಿಲ್ಲ. ಹುಲಿಗೆಮ್ಮನಿಗೆ ಹರಕೆ ಹೊರುವವರು ಹೊರಲಿ, ಅದು ಅವರವರ ನಂಬಿಕೆ. ಕಿವಿ ಪರೀಕ್ಷೆಯನ್ನು ಮಾತ್ರ ಮುಂದೂಡಬಾರದು.

ತಟ್ಟೆ ಬಡಿದು ನೋಡಿದರೆ ಸಾಲದು

ಕಿವಿ ಪರೀಕ್ಷೆ ಅಂದ ತಕ್ಷಣ ಮನೆಯವರು ಹೇಳುವುದು, "ಕಿವಿ ಚೆನ್ನಾಗೇ ಕೇಳ್ತದೆ, ತಟ್ಟೆ ಬಿದ್ದರೆ ತಿರುಗಿ ನೋಡ್ತಾನೆ." ತಟ್ಟೆಯ ಸದ್ದು ದೊಡ್ಡದು. ಪಟಾಕಿ, ಡೊಳ್ಳು, ಟ್ರ್ಯಾಕ್ಟರ್ ಇನ್ನೂ ದೊಡ್ಡವು. ನೆಲದ ಅದುರು, ಗಾಳಿಯ ಬಡಿತ, ನೆರಳಿನ ಅಲುಗಾಟ ಕಂಡರೂ ಮಗು ತಿರುಗುತ್ತದೆ. ಮಾತಿನ ಕಥೆಯೇ ಬೇರೆ. ಸ, ಶ, ತ, ಕದಂಥ ಸದ್ದುಗಳು ತೀರಾ ಮೆಲು. ಅರ್ಧ ಕಿವುಡಿರುವ ಮಗುವಿಗೆ ಡೊಳ್ಳು ಕೇಳುತ್ತದೆ, "ಬಾ" ಕೇಳುತ್ತದೆ, "ಸಕ್ಕರೆ" ಕೇಳಿಸುವಾಗ ಅರ್ಧ ಪದ ಉದುರಿ ಹೋಗಿರುತ್ತದೆ. ಕೇಳಿದ್ದನ್ನೇ ತಾನೇ ಮಗು ತಿರುಗಿ ಹೇಳುವುದು?

ಇದನ್ನು ಪತ್ತೆ ಮಾಡಲು ಮಗು ಉತ್ತರ ಕೊಡಬೇಕಾಗಿಲ್ಲ. ಎರಡು ಮುಖ್ಯ ಪರೀಕ್ಷೆಗಳಿವೆ. ಓಎಇ ಪರೀಕ್ಷೆಯಲ್ಲಿ ಕಿವಿಯೊಳಗೆ ಪುಟ್ಟ ಮೈಕಿನಂಥದ್ದು ಇಟ್ಟು ಸದ್ದು ಕಳಿಸುತ್ತಾರೆ. ಒಳಕಿವಿ ಸರಿ ಇದ್ದರೆ ಅಲ್ಲಿಂದ ತೀರಾ ಸಣ್ಣ ಮರುದನಿ ಬರುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ನಿಮಿಷಗಳ ಕೆಲಸ. ಬೇರಾ ಪರೀಕ್ಷೆಯಲ್ಲಿ ಮಗು ಮಲಗಿರುವಾಗ ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ, ಸದ್ದು ಕಿವಿಯಿಂದ ಮಿದುಳಿನ ಕಡೆಗೆ ನರದ ಮೂಲಕ ಹೋಗುತ್ತಿದೆಯೇ ಎಂದು ನೋಡುತ್ತಾರೆ. ಎರಡೂ ನೋವಿಲ್ಲದ ಪರೀಕ್ಷೆಗಳು. ಹುಟ್ಟಿದ ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ತೊಂದರೆ ಏನೆಂಬ ಖಚಿತತೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಅನ್ನುವುದು ಜಗತ್ತಿನ ಕಿವಿ ತಜ್ಞರು ಇಟ್ಟುಕೊಂಡಿರುವ ಗುರಿ. ನಮ್ಮಲ್ಲಿ ಎಷ್ಟೋ ಮಕ್ಕಳು ಮೊದಲ ಸಲ ಈ ಯಂತ್ರ ನೋಡುವುದು ಶಾಲೆಗೆ ಸೇರುವ ಹೊತ್ತಿಗೆ.

ಹುಟ್ಟಿದಾಗ ತೂಕ ತೀರಾ ಕಡಿಮೆ ಇದ್ದ, ಕಾಮಾಲೆ ವಿಪರೀತವಾಗಿದ್ದ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ, ಮಿದುಳು ಜ್ವರ ಬಂದಿದ್ದ ಮಕ್ಕಳಿಗೆ ಕಿವಿಯ ತೊಂದರೆಯ ಸಾಧ್ಯತೆ ಜಾಸ್ತಿ. ಇನ್ನೊಂದು ಕಾರಣ ನಮ್ಮ ಭಾಗದಲ್ಲಿ ಹೇಳಲೇಬೇಕು. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ಮದುವೆಯಾಗುವುದು ಇಲ್ಲಿ ಹಳೆಯ ರೂಢಿ. ಒಂದೇ ವಂಶದಲ್ಲಿ ಅಡಗಿರುವ ಒಂದು ದೋಷದ ಜೀನ್ ಇಂಥ ಮದುವೆಯಲ್ಲಿ ಅಪ್ಪ ಅವ್ವ ಇಬ್ಬರಿಂದಲೂ ಮಗುವಿಗೆ ಬರುವ ಸಾಧ್ಯತೆ ಹೆಚ್ಚುತ್ತದೆ. ಹುಟ್ಟು ಕಿವುಡಿಗೆ ಇದು ದೊಡ್ಡ ಕಾರಣಗಳಲ್ಲಿ ಒಂದು. ಇದನ್ನು ಓದಿ ಯಾರೂ ಸೊಸೆಯ ಕಡೆ ಬೆರಳು ತೋರಿಸಬಾರದು. ಈ ಬಗೆಯ ದೋಷ ಕಾಣಿಸಿಕೊಳ್ಳಬೇಕಾದರೆ ಜೀನ್ ಎರಡೂ ಕಡೆಯಿಂದ ಬಂದಿರಬೇಕು.

ಹುಟ್ಟಿದಾಗ ಚೆನ್ನಾಗಿ ಕೇಳುತ್ತಿದ್ದ ಕಿವಿಯೂ ಆಮೇಲೆ ಮಂಕಾಗಬಹುದು. ನೆಗಡಿಯಾದಾಗಲೆಲ್ಲ ಕಿವಿ ಸೋರುವ ಮಕ್ಕಳನ್ನು ನೋಡಿ. ಕಿವಿಪರದೆಯ ಹಿಂದೆ ನೀರು ತುಂಬಿಕೊಂಡರೆ ಮಗುವಿಗೆ ಒಂದು ವಾರ ಕೇಳುತ್ತದೆ, ಇನ್ನೊಂದು ವಾರ ಮಂಕು. ಮನೆಯವರು "ಬೇಕಂತಲೇ ಕೇಳಿಸಿಕೊಳ್ಳಲ್ಲ" ಅನ್ನುತ್ತಾರೆ. ಅಂಥ ಕಿವಿಗೆ ಕಾಯಿಸಿದ ಎಣ್ಣೆ ಬಿಡುವುದು ಅಪಾಯ. ಡಾಕ್ಟರಿಗೆ ತೋರಿಸಿದರೆ ಈ ತೊಂದರೆಗೆ ಮದ್ದುಂಟು.

ಕಿವಿಯ ತೊಂದರೆ ಖಚಿತವಾದರೆ ಹಿಯರಿಂಗ್ ಏಡ್ ಹಾಕುತ್ತಾರೆ. ಅದರಿಂದ ಸಾಲದಷ್ಟು ಕಿವುಡಿದ್ದರೆ ಒಳಕಿವಿಯಲ್ಲಿ ಯಂತ್ರ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶಸ್ತ್ರಚಿಕಿತ್ಸೆ. ಹೊರಗೆ ಇದಕ್ಕೆ ಲಕ್ಷಗಟ್ಟಲೆ ಖರ್ಚಾಗುತ್ತದೆ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಬಡ ಕುಟುಂಬದ ಚಿಕ್ಕ ಮಕ್ಕಳಿಗೆ ಇದು ಸಿಗುತ್ತದೆ, ಆದರೆ ಹುಟ್ಟು ಕಿವುಡಿಗೆ ವಯಸ್ಸಿನ ಮಿತಿ 5 ವರ್ಷ. "ಅವರಪ್ಪನೂ ಐದು ವರ್ಷಕ್ಕೆ ಮಾತಾಡಿದ" ಎಂದು ಕಾದವರು ಕಳೆದುಕೊಳ್ಳುವುದು ಇದನ್ನೇ. ಯಂತ್ರ ಹಾಕಿದ ಮರುದಿನ ಮಾತು ಬರುತ್ತದೆ ಎಂದೂ ಕಾಯಬೇಡಿ. ಆ ದಿನ ಕಿವಿ ತೆರೆದಿದೆ ಅಷ್ಟೇ. ಕೇಳುವುದನ್ನು ಕಲಿಯಲು ತಿಂಗಳುಗಟ್ಟಲೆ, ವರ್ಷಗಟ್ಟಲೆ ತರಬೇತಿ ಬೇಕು. ಇನ್ನು ಸಂಜ್ಞೆ ಭಾಷೆಯನ್ನು ಸೋತವರ ದಾರಿ ಎಂದು ನೋಡುವ ರೂಢಿಯೊಂದಿದೆ. ಅದು ತನ್ನದೇ ವ್ಯಾಕರಣವಿರುವ ಪೂರ್ತಿ ಭಾಷೆ. ಕಿವುಡು ಮಗು ಯಾವ ಭಾಷೆಯೂ ಇಲ್ಲದೆ ಬೆಳೆಯುವುದೇ ನಿಜವಾದ ನಷ್ಟ.

ಎಷ್ಟು ಮಾತಾಡ್ತದೆ ಅನ್ನೋದಕ್ಕಿಂತ ಎಷ್ಟು ತಿಳೀತದೆ

ಕಿವಿ ಸರಿ ಇದೆ ಅಂತಾಯಿತು. ಮುಂದೆ ನೋಡಬೇಕಾದದ್ದು ಮಗು ಎಷ್ಟು ಅರ್ಥ ಮಾಡಿಕೊಳ್ಳುತ್ತದೆ ಎಂಬುದನ್ನು. ಕೆರೆ ತುಂಬಿದ ಮೇಲೆ ಕೋಡಿ ಬೀಳುವ ಹಾಗೆ, ಒಳಗೆ ಅರ್ಥ ತುಂಬಿದ ಮೇಲೇ ಬಾಯಲ್ಲಿ ಮಾತು ಹರಿಯುವುದು. ವರ್ಷ ತುಂಬುವಷ್ಟರಲ್ಲಿ ಮಗು ತನ್ನ ಹೆಸರಿಗೆ ತಿರುಗುತ್ತದೆ, "ಟಾಟಾ ಮಾಡು" ಅಂದರೆ ಕೈ ಬೀಸುತ್ತದೆ, ಬಾ-ಬಾ-ಬಾ, ದಾ-ದಾ ಎಂದು ಉಲಿಯುತ್ತಿರುತ್ತದೆ. ಅದರ ಆಸುಪಾಸಿನಲ್ಲೇ ಒಂದೆರಡು ಪದ ಬರುತ್ತವೆ, ಬೇಕಾದದ್ದನ್ನು ಬೆರಳಿಂದ ತೋರಿಸುತ್ತದೆ. ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ "ಅಪ್ಪ ಬಾ", "ಹಾಲು ಬೇಡ" ಎಂಬಂತೆ ಎರಡು ಪದ ಜೋಡಿಸುವುದು. ಮೂರಕ್ಕೆ ಸಣ್ಣ ವಾಕ್ಯ. ನಾಲ್ಕಕ್ಕೆ ಹೊರಗಿನವರಿಗೂ ಮಾತು ಬಹುಮಟ್ಟಿಗೆ ತಿಳಿಯಬೇಕು. ತಿಂಗಳು ಎರಡು ತಿಂಗಳು ಹಿಂದೆ ಮುಂದೆ ಆದರೆ ಗಾಬರಿ ಬೇಡ. ಆದರೆ ಆಡುತ್ತಿದ್ದ ಮಾತು ನಿಂತು ಹೋದರೆ, ಅದು ಯಾವ ವಯಸ್ಸೇ ಆಗಿರಲಿ, ಒಂದು ದಿನವೂ ಕಾಯಬೇಡಿ.

ಅರ್ಥವಾಗುತ್ತದೋ ಇಲ್ಲವೋ ನೋಡುವಾಗ ನಾವು ನಮಗೇ ಮೋಸ ಮಾಡಿಕೊಳ್ಳುತ್ತೇವೆ. "ಚಪ್ಪಲಿ ತಾ" ಅನ್ನುತ್ತಲೇ ಕೈ ಬಾಗಿಲ ಕಡೆ ಹೋಗಿರುತ್ತದೆ, ಕಣ್ಣೂ ಅತ್ತ ಹೋಗಿರುತ್ತದೆ. ಮಗು ಕೈ ನೋಡಿ ಹೋಯಿತು, ಮಾತು ಕೇಳಿ ಅಲ್ಲ. ಕೈ ಕಟ್ಟಿಕೊಂಡು, ಬೇರೆ ಕಡೆ ನೋಡುತ್ತಾ, ದಿನಾ ಹೇಳದ ಒಂದು ಮಾತು ಹೇಳಿ ನೋಡಿ: "ಚೆಂಡು ಬುಟ್ಟಿಯಲ್ಲಿ ಹಾಕು." ಆಗ ನಿಜ ಗೊತ್ತಾಗುತ್ತದೆ.

ಅರ್ಥ ಚೆನ್ನಾಗಿ ಆಗುತ್ತಿದೆ, ಕೈಸನ್ನೆ ಮಾಡುತ್ತದೆ, ಜೊತೆಗೆ ಆಡುತ್ತದೆ, ಮಾತು ಮಾತ್ರ ಕಡಿಮೆ ಅಂದರೆ ಚಿಂತೆ ಸ್ವಲ್ಪ ಹಗುರ. ಅರ್ಥವೂ ಕಡಿಮೆ ಅಂದರೆ ತಡ ಮಾಡುವಂತಿಲ್ಲ. ಹೆಸರು ಕರೆದರೆ ತಿರುಗುವುದಿಲ್ಲ, ಬೆರಳಿಂದ ತೋರಿಸುವುದಿಲ್ಲ, ಬೇಕಾದದ್ದಕ್ಕೆ ನಮ್ಮ ಕೈ ಹಿಡಿದು ಎಳೆದೊಯ್ಯುತ್ತದೆ, ಆಟದ ಕಾರನ್ನು ಓಡಿಸುವ ಬದಲು ಚಕ್ರವನ್ನೇ ತಿರುಗಿಸುತ್ತಾ ಕೂರುತ್ತದೆ ಅಂದರೆ ಆಟಿಸಂ (ಬೇರೆಯವರ ಜೊತೆ ಬೆರೆಯುವುದು, ಮಾತುಕತೆ ಕಷ್ಟವಾಗುವ ಬೆಳವಣಿಗೆಯ ತೊಂದರೆ) ಇದೆಯೇ ಎಂದು ತಜ್ಞರು ನೋಡಬೇಕಾಗುತ್ತದೆ. ಇಂಥ ಕೆಲವು ಮಕ್ಕಳು ಮೊಬೈಲಿನ ಇಂಗ್ಲಿಷ್ ರೈಮ್ಸ್ ಪೂರ್ತಿ ಹಾಡುತ್ತಾರೆ, ಎ ಇಂದ ಝಡ್‌ವರೆಗೆ ಹೇಳುತ್ತಾರೆ. ಬಾಯಾರಿದರೆ "ನೀರು" ಅನ್ನುವುದಿಲ್ಲ. ನೆಂಟರು ಬಂದಾಗ ರೈಮ್ಸ್ ಹೇಳಿಸಿ ಖುಷಿಪಡುತ್ತೇವೆ. ಹಾಡು ಬಾಯಿಪಾಠ, ನೀರು ಕೇಳುವುದು ಭಾಷೆ. ಮೊಬೈಲಿನಿಂದ ಆಟಿಸಂ ಬರುತ್ತದೆ ಅನ್ನುವುದು ತಪ್ಪು. ಆದರೆ ಮೊಬೈಲ್ ನೋಡುವ ಹೊತ್ತು ಮಗುವಿನ ಜೊತೆ ಯಾರೂ ಮಾತಾಡುತ್ತಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗೆ: ಎರಡು ವರ್ಷಕ್ಕಿಂತ ಚಿಕ್ಕವರಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು.

ಇನ್ನು ಕೆಲವು ಮಕ್ಕಳಿದ್ದಾರೆ. ಕಿವಿ ಸರಿ, ಬುದ್ಧಿ ಸರಿ, ಆಟಿಸಂ ಇಲ್ಲ. ಆದರೂ ಪದ ಸಿಗುವುದಿಲ್ಲ, ವಾಕ್ಯ ಕೂಡುವುದಿಲ್ಲ, ಉದ್ದದ ಮಾತು ತಲೆಗೆ ಹೋಗುವುದಿಲ್ಲ. ಇದಕ್ಕೆ ಈಗ ಡಿಎಲ್‌ಡಿ ಎಂಬ ಹೆಸರಿದೆ, ಭಾಷೆಯ ಬೆಳವಣಿಗೆಯಲ್ಲೇ ಆಗುವ ತೊಂದರೆ. ಇಂಗ್ಲೆಂಡಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಸುಮಾರು ನೂರಕ್ಕೆ ಏಳು ಮಕ್ಕಳಲ್ಲಿ ಇದು ಕಂಡಿತು. ಆ ಲೆಕ್ಕದಲ್ಲಿ ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಇವರು ಗಲಾಟೆ ಮಾಡುವುದಿಲ್ಲ, ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಾರೆ. "ದಡ್ಡ", "ಸೋಮಾರಿ" ಎಂಬ ಹೆಸರು ಹೊತ್ತು ಶಾಲೆ ಮುಗಿಸುತ್ತಾರೆ, ಇಲ್ಲವೇ ಬಿಡುತ್ತಾರೆ. ಎಲ್ಲ ತೊಂದರೆಗಳಲ್ಲಿ ಕಣ್ಣಿಗೆ ಕಡಿಮೆ ಬೀಳುವುದು ಇದೇ.

ಅಕ್ಷರ, ಉಗ್ಗು, ಸೀಳು ಅಂಗಳ

ಮಾತು ಸಾಕಷ್ಟಿದೆ, ಅಕ್ಷರ ಮಾತ್ರ ತಪ್ಪುತ್ತದೆ ಅನ್ನುವುದು ಬೇರೆಯೇ ವಿಷಯ. ಪ, ಬ, ಮ ಮೊದಲು ಬರುತ್ತವೆ. ರ, ಳ, ಶ ತಡವಾಗಿ ಬರುತ್ತವೆ. ಮೂರು ವರ್ಷದ ಮಗು "ರೊಟ್ಟಿ"ಗೆ "ಲೊತ್ತಿ" ಅಂದರೆ ಅದು ವಯಸ್ಸಿನ ಮಾತು. ಆರು ವರ್ಷಕ್ಕೂ ಹಾಗೇ ಇದ್ದರೆ ತೋರಿಸಬೇಕು. ನಮ್ಮ ಕಡೆಯ ಆಡುಮಾತನ್ನು ಆಡುವ ಮಗುವಿಗೆ ಪಠ್ಯದ ಕನ್ನಡ ಬರುವುದಿಲ್ಲ ಅಂತ "ಉಚ್ಚಾರ ಸರಿಯಿಲ್ಲ" ಅನ್ನುವ ಶಿಕ್ಷಕರೂ ಇದ್ದಾರೆ. ಅದು ದೋಷವಲ್ಲ, ಊರಿನ ಮಾತು. ಬಲೂನು ಊದಿಸುವುದು, ಪೀಪಿ ಊದಿಸುವುದು, ನಾಲಿಗೆ ಆಚೆ ಈಚೆ ತಿರುಗಿಸುವುದು ಮಾತಿಗೆ ಒಳ್ಳೆಯದು ಎಂಬ ನಂಬಿಕೆಗೆ ಗಟ್ಟಿ ಪುರಾವೆ ಇಲ್ಲ. ಅಕ್ಷರ ಕಲಿಯುವುದು ಅಕ್ಷರ ಹೇಳಿಯೇ.

ಹುಟ್ಟಿನಿಂದ ಅಂಗಳ, ಅಂದರೆ ಬಾಯಿಯೊಳಗಿನ ಮೇಲ್ಭಾಗ, ಸೀಳಿರುವ ಮಗುವಿನ ಮಾತು ಮೂಗಿನಿಂದ ಬರುತ್ತದೆ. ಬಸುರಿ ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಎಂದು ತಾಯಿಯನ್ನು ದೂರುವುದು ಇನ್ನೂ ನಿಂತಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಹೊಟ್ಟೆಯಲ್ಲಿ ಮೊದಲ ಮೂರು ತಿಂಗಳಲ್ಲಿ ಮುಖದ ಭಾಗಗಳು ಕೂಡಿಕೊಳ್ಳದೆ ಉಳಿಯುವುದರಿಂದ ಹೀಗಾಗುತ್ತದೆ. ಅಂಗಳದ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷದೊಳಗೆ ಆಗಬೇಕು. ಹೊಲಿಗೆ ಹಾಕಿಸಿದ ಮೇಲೆ ಕೆಲಸ ಮುಗಿಯಿತು ಎಂದು ಬಿಟ್ಟುಬಿಡುವವರೇ ಜಾಸ್ತಿ. ಎಷ್ಟೋ ಮಕ್ಕಳಿಗೆ ಆಮೇಲೆ ಮಾತಿನ ತರಬೇತಿಯೂ ಬೇಕು.

ಉಗ್ಗು ಶುರುವಾಗುವುದು ಹೆಚ್ಚಾಗಿ ಎರಡರಿಂದ ಐದು ವರ್ಷದ ನಡುವೆ. ನೂರಕ್ಕೆ ಐದು ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ, ಅವರಲ್ಲಿ ಬಹುಪಾಲು ಮಂದಿಗೆ ತಾನಾಗಿ ಹೋಗುತ್ತದೆ. ಗಂಡುಮಕ್ಕಳಲ್ಲಿ, ಮನೆಯಲ್ಲಿ ಇನ್ನೊಬ್ಬರಿಗೆ ಇದ್ದವರಲ್ಲಿ ಉಳಿಯುವ ಸಾಧ್ಯತೆ ಹೆಚ್ಚು. ಹೆದರಿದ್ದರಿಂದ ಬಂತು, ಇನ್ನೊಬ್ಬನನ್ನು ಅಣಕಿಸಿದ್ದರಿಂದ ಬಂತು ಅನ್ನುವುದೆಲ್ಲ ಕಟ್ಟುಕತೆ. "ನಿಧಾನ ಹೇಳು", "ಉಸಿರು ಎಳ್ಕೊಂಡು ಹೇಳು" ಎಂದರೆ ಮಗುವಿಗೆ ತಿಳಿಯುವುದು ಒಂದೇ, ನಾನು ಮಾತಾಡುವುದು ತಪ್ಪು ಎಂದು. ಅದರ ಮಾತನ್ನು ನೀವು ಮುಗಿಸಬೇಡಿ. ನೀವೇ ನಿಧಾನ ಮಾತಾಡಿ, ಅದು ಹೇಳಿ ಮುಗಿಸುವವರೆಗೆ ಕಾಯಿರಿ. ಆರು ತಿಂಗಳು, ವರ್ಷವಾದರೂ ಹೋಗದಿದ್ದರೆ, ಅಥವಾ ಮಾತಾಡುವಾಗ ಮುಖ ಕಿವುಚಿ ಒದ್ದಾಡಿದರೆ ತಜ್ಞರ ಬಳಿ ಹೋಗಿ.

ಮನೆಯಲ್ಲಿ ಮೂರು ಭಾಷೆ ಇದ್ದರೆ?

ಬಳ್ಳಾರಿಯಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ರಾಯಚೂರಿನಲ್ಲಿ ಇದರ ಜೊತೆ ಉರ್ದು. ತಾಂಡಾದಲ್ಲಿ ಲಂಬಾಣಿ. "ಎರಡು ಮೂರು ಭಾಷೆ ಕೇಳಿ ಮಗು ಗೊಂದಲ ಆಗಿದೆ, ಒಂದೇ ಭಾಷೆ ಮಾತಾಡಿ" ಎನ್ನುವ ಸಲಹೆ ಕೊಡುವವರಲ್ಲಿ ಓದಿದವರೂ ಇದ್ದಾರೆ. ಹೆಚ್ಚು ಭಾಷೆಯಿಂದ ಮಾತಿನ ತೊಂದರೆ ಬರುವುದಿಲ್ಲ. ಪದಗಳನ್ನು ಎಣಿಸುವಾಗ ಎಲ್ಲ ಭಾಷೆಯವನ್ನೂ ಸೇರಿಸಿ ಎಣಿಸಬೇಕು: ತೆಲುಗಿನ "ಪಾಲು" ಒಂದು, ಕನ್ನಡದ "ಹಾಲು" ಇನ್ನೊಂದು. ನಿಜವಾದ ತೊಂದರೆ ಇದ್ದರೆ ಅದು ಎಲ್ಲ ಭಾಷೆಯಲ್ಲೂ ಕಾಣುತ್ತದೆ. ಲಂಬಾಣಿಯಲ್ಲಿ ಪಟಪಟ ಮಾತಾಡುವ ಹುಡುಗಿ ಕನ್ನಡ ಶಾಲೆಯಲ್ಲಿ ಮೊದಲ ಕೆಲವು ತಿಂಗಳು ಸುಮ್ಮನಿದ್ದರೆ ಅವಳಿಗೆ ಬೇಕಾದದ್ದು ಸ್ಪೀಚ್ ಥೆರಪಿ ಅಲ್ಲ, ಕನ್ನಡ ಕಲಿಯಲು ಹೊತ್ತು. ಅವ್ವನಿಗೆ ಸರಾಗವಾಗಿ ಬರುವ ಭಾಷೆಯಲ್ಲೇ ಅವ್ವ ಮಾತಾಡಲಿ. ಅರ್ಧಂಬರ್ಧ ಇಂಗ್ಲಿಷಿನಲ್ಲಿ "ಕಮ್, ಈಟ್, ಸಿಟ್" ಅನ್ನುವುದರಿಂದ ಮಗುವಿಗೆ ಸಿಗುವುದು ಮೂರು ಪದ. ತನ್ನ ಭಾಷೆಯಲ್ಲಾದರೆ ಒಂದು ಲೋಕ.

ಮನೆಯಲ್ಲಿ ಮಾಡುವ ಕೆಲಸ

ಥೆರಪಿಸ್ಟ್ ವಾರಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು. ಉಳಿದ ಹೊತ್ತೆಲ್ಲ ಮನೆಯದು. ಇದಕ್ಕೆ ಆಟಿಕೆ ಕೊಳ್ಳಬೇಕಾಗಿಲ್ಲ, ಬೇರೆ ಸಮಯ ತೆಗೆದಿಡಬೇಕಾಗಿಯೂ ಇಲ್ಲ. ರೊಟ್ಟಿ ಬಡಿಯುವಾಗ ಮಗುವನ್ನು ಎದುರು ಕೂರಿಸಿಕೊಳ್ಳಿ. "ಹಿಟ್ಟು. ಬಿಸಿ ನೀರು ಹಾಕೋಣ. ನಾದೋಣ. ತಟ್ಟು, ತಟ್ಟು. ರೊಟ್ಟಿ ಸುಡ್ತದೆ, ಮುಟ್ಟಬ್ಯಾಡ." ಮಾಡುವುದನ್ನೇ ಹೇಳುವುದು, ಸಣ್ಣ ಮಾತಲ್ಲಿ, ದಿನಾ ಅದೇ ಪದಗಳಲ್ಲಿ. ಮುಖ ಕಾಣುವಂತೆ, ಮಗುವಿನ ಕಣ್ಣಿನ ಮಟ್ಟಕ್ಕೆ ಬಂದು.

ನಾವು ಹೆಚ್ಚಾಗಿ ಮಾಡುವುದು ಪರೀಕ್ಷೆ. "ಇದೇನು? ಹೇಳು. ಇದ್ಯಾವ ಬಣ್ಣ? ಹೇಳು, ಹೇಳು." ಮಾತು ಬಾರದ ಮಗುವಿಗೆ ಇದು ದಿನಕ್ಕೆ ನೂರು ಸಲ ಸೋಲು. ಪ್ರಶ್ನೆ ಕಡಿಮೆ ಮಾಡಿ, ಹೇಳುವುದನ್ನು ಹೆಚ್ಚಿಸಿ. ಕೇಳಲೇಬೇಕಾದರೆ ಎರಡು ವಸ್ತು ಹಿಡಿದು ತೋರಿಸಿ: "ಹಾಲು ಬೇಕೇನು, ನೀರು ಬೇಕೇನು?" ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ದೊಡ್ಡವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ. ಮಗು ಕೈ ತೋರಿಸಿದರೂ, "ಹಾ" ಅಂದರೂ ಅದನ್ನು ಮಾತೆಂದೇ ಎಣಿಸಿ, ಹಾಲು ಕೊಡುತ್ತಾ "ಹಾಲು! ಹಾಲು ಬೇಕು" ಅನ್ನಿ. "ಸರಿಯಾಗಿ ಹಾಲು ಅನ್ನೋವರೆಗೆ ಕೊಡಲ್ಲ" ಎಂದು ಹಠ ಹಿಡಿಯಬೇಡಿ. ಹಸಿದ ಮಗು ಅಳುತ್ತದೆ, ಕಲಿಯುವುದಿಲ್ಲ.

ಮಗು "ಬಸ್ಸು" ಅಂದರೆ ನೀವು ಒಂದು ಪದ ಸೇರಿಸಿ: "ಹೌದು, ಕೆಂಪು ಬಸ್ಸು." "ಲೊತ್ತಿ" ಅಂದರೆ "ಲೊತ್ತಿ ಅಲ್ಲ, ರೊಟ್ಟಿ ಅನ್ನು" ಎಂದು ತಿದ್ದುವ ಬದಲು "ರೊಟ್ಟಿ ಬೇಕಾ? ಬಿಸಿ ರೊಟ್ಟಿ ಕೊಡ್ಲಾ?" ಅನ್ನಿ. ಸರಿಯಾದ ಪದ ಎರಡು ಸಲ ಕಿವಿಗೆ ಬಿತ್ತು, ಅವಮಾನ ಆಗಲಿಲ್ಲ. ಕೈಸನ್ನೆ, ಚಿತ್ರ ಬಳಸಿದರೆ ಮಗು ಮಾತಾಡುವುದನ್ನೇ ಬಿಡುತ್ತದೆ ಎಂಬ ಭಯವೂ ಬೇಡ. ಸನ್ನೆ ಮಾತಿಗೆ ಅಡ್ಡ ಬರುವುದಿಲ್ಲ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಲ್ಲಿ ದಿನವಿಡೀ ಮಷಿನ್ ಸದ್ದು, ಅದರ ಮೇಲೆ ಟಿವಿ. ಮಷಿನ್ ನಿಲ್ಲಿಸಿದರೆ ಹೊಟ್ಟೆಪಾಡು ನಡೆಯುವುದಿಲ್ಲ. ಊಟ ಮಾಡಿಸುವಾಗ, ಎರೆಯುವಾಗಲಾದರೂ ಟಿವಿ ಆರಿಸಿ ಮಾತಾಡಬಹುದು. ಅಜ್ಜ, ಅಕ್ಕ, ಕಾಕಾ ಎಲ್ಲರೂ ಇದನ್ನು ಮಾಡಬಹುದು. ಎಲ್ಲವನ್ನೂ ತಾಯಿಯ ತಲೆಗೆ ಕಟ್ಟುವುದು ನನಗಂತೂ ಸರಿ ಕಾಣುವುದಿಲ್ಲ.

ಶಾಲೆಯಲ್ಲಿ ಶಿಕ್ಷಕರು ಮಾಡಬಹುದಾದದ್ದು ಹೆಚ್ಚಿಲ್ಲ, ಆದರೆ ಅದು ದೊಡ್ಡದು. ಮುಂದಿನ ಸಾಲಿನಲ್ಲಿ ಕೂರಿಸುವುದು, ಒಂದು ಸಲಕ್ಕೆ ಒಂದೇ ಸೂಚನೆ ಕೊಡುವುದು, ಬೋರ್ಡಿನ ಕಡೆ ತಿರುಗಿ ಮಾತಾಡದಿರುವುದು, ಉಗ್ಗುವ ಮಗುವನ್ನು ಎದ್ದು ನಿಂತು ಓದು ಎಂದು ದಿಢೀರ್ ಎಬ್ಬಿಸದಿರುವುದು. "ಮೂಗ", "ತೊದಲ" ಎಂಬ ಅಡ್ಡಹೆಸರನ್ನು ಮೊದಲ ದಿನವೇ ತಡೆಯುವುದು. ತಾಲ್ಲೂಕಿನಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಬಿಇಒ ಕಚೇರಿಯ ಮೂಲಕ ಕೇಳಬಹುದು.

ಎಲ್ಲಿಗೆ ಹೋಗಬೇಕು

ಮೊದಲ ಬಾಗಿಲು ಅಂಗನವಾಡಿ. 2013ರಲ್ಲಿ ಶುರುವಾದ, ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಯೋಜನೆಯ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು. ಹುಟ್ಟಿದಂದಿನಿಂದ 18 ವರ್ಷದವರೆಗಿನವರು ಅದರ ವ್ಯಾಪ್ತಿಗೆ ಬರುತ್ತಾರೆ. ಕಿವಿ, ಮಾತು, ಬೆಳವಣಿಗೆಯ ತಡ ಅದರ ಪಟ್ಟಿಯಲ್ಲೇ ಇವೆ. ತಂಡ ಬರುವ ದಿನ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ, ಮಗುವಿನ ತೊಂದರೆ ನೀವೇ ಬಾಯಿಬಿಟ್ಟು ಹೇಳಿ. ಅಲ್ಲಿಂದ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಚೀಟಿ ಕೊಡುತ್ತಾರೆ. ತಂಡಕ್ಕೆ ಕಾಯದೆ ನೇರವಾಗಿ ಹೋಗುವುದಾದರೆ ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎನ್ನುವ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಅಂಗವಿಕಲರ ಪುನರ್ವಸತಿ ಕೇಂದ್ರ ಸಿಆರ್‌ಸಿ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸಕ್ಕೆಂದೇ ಇದೆ. ಮೈಸೂರು ದೂರ, ನಿಜ. ಒಮ್ಮೆ ಹೋಗಿ ಪೂರ್ತಿ ತಪಾಸಣೆ ಮಾಡಿಸಿದರೆ ಆಮೇಲಿನ ತರಬೇತಿಯನ್ನು ವಿಡಿಯೋ ಕರೆಯಲ್ಲಿ ಪಡೆಯುವ ಏರ್ಪಾಡೂ ಅಲ್ಲಿದೆ. ಖಾಸಗಿ ಥೆರಪಿಸ್ಟ್ ಹತ್ತಿರ ಹೋಗುವುದಾದರೆ ಆರ್‌ಸಿಐ (ಇಂಥ ತಜ್ಞರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ.

2016ರ ಅಂಗವಿಕಲರ ಹಕ್ಕು ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ಶ್ರವಣ ದೋಷ, ಮಾತು ಮತ್ತು ಭಾಷೆಯ ತೊಂದರೆ, ಆಟಿಸಂ, ಕಲಿಕೆಯ ತೊಂದರೆ ಎಲ್ಲವೂ ಸೇರಿವೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಕಾರ್ಡ್ ಮಾಡಿಸಿದರೆ ಮಗುವಿಗೆ ಹೆಸರು ಅಂಟುತ್ತದೆ ಎಂದು ಹಿಂಜರಿಯುವವರಿದ್ದಾರೆ. ಬೀದಿಯಲ್ಲಿ ಅಂಟುವ ಹೆಸರಿಗಿಂತ ಅದು ಕೆಟ್ಟದ್ದೇನಲ್ಲ, ಬದಲಿಗೆ ಸವಲತ್ತು ಸಿಗುತ್ತದೆ.

ಗುಳೆ ಹೋಗುವ ಮನೆಗಳ ಮಕ್ಕಳೇ ಈ ಎಲ್ಲ ವ್ಯವಸ್ಥೆಯಿಂದ ಜಾರಿ ಹೋಗುವುದು. ತಂಡ ಅಂಗನವಾಡಿಗೆ ಬಂದ ದಿನ ಮಗು ಬೆಂಗಳೂರಿನ ಯಾವುದೋ ಕಟ್ಟಡದ ಮರಳಿನ ಗುಡ್ಡೆಯ ಮೇಲೆ ಆಡುತ್ತಿರುತ್ತದೆ. ಊರು ಬಿಡುವಾಗ ತಾಯಿ ಕಾರ್ಡ್, ಬೇರಾ ರಿಪೋರ್ಟ್, ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಳ್ಳಿ, ಮೊಬೈಲಿನಲ್ಲಿ ಅವುಗಳ ಫೋಟೋ ಇರಲಿ. ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಿದರೆ ಎಲ್ಲವನ್ನೂ ಮೊದಲಿಂದ ಶುರು ಮಾಡಬೇಕಾಗಿಲ್ಲ. ಮಗುವಿಗೆ ಹಿಯರಿಂಗ್ ಏಡ್ ಇದ್ದರೆ ಸೆಲ್ಲುಗಳನ್ನು ಜಾಸ್ತಿಯೇ ಕಟ್ಟಿಕೊಳ್ಳಿ. ಸೆಲ್ಲು ಮುಗಿದ ಯಂತ್ರ ಕಿವಿಗೆ ಬಿರಡೆ ಹಾಕಿದ ಹಾಗೇ.